ಬಾಟ್ಲಿಯಲ್ಲಿ ಕೆಂಡ, ಹಾಳೆ ಮೇಲೆ ಮಂಕು: ಕಿತ್ತಳೆ ಇಂಕಿನ ಪ್ರಶ್ನೆಗಳು

ಈ ಸಲ ಇಂಕ್ ಪೆನ್ನಿನ ಬಗ್ಗೆ ಬಂದ ಪತ್ರಗಳಲ್ಲಿ ಕಿತ್ತಳೆ ಬಣ್ಣದವೇ ಜಾಸ್ತಿ. ಅದಕ್ಕೆ ಬೇರೆದೆಲ್ಲ ಬದಿಗಿಟ್ಟು ಅವನ್ನೇ ತಗೊಂಡಿದೀನಿ.

ಪ್ರಶ್ನೆ: ಸಾರ್, ಬಾಟ್ಲಿಯಲ್ಲಿ ನೋಡಿದ್ರೆ ಕೆಂಡದ ಥರ ಹೊಳೆಯೋ ಇಂಕು ನನ್ನ ಫೈನ್ ನಿಬ್ ಪೆನ್ನಿಗೆ ಹಾಕಿ ಬರೆದ್ರೆ ತೆಳುವಾಗಿ ಹಳದಿ ಹಳದಿ ಬರ್ತಿದೆ. ರಾತ್ರಿ ಲೈಟಲ್ಲಿ ನಾನು ಬರೆದಿದ್ದು ನಂಗೇ ಕಾಣಲ್ಲ. ಇಂಕು ಡೂಪ್ಲಿಕೇಟಾ?

ಉತ್ತರ: ಅಲ್ಲ, ಇಂಕು ಸರಿಯಾಗೇ ಇದೆ. ಬಾಟ್ಲಿಯಲ್ಲಿ ನೀವು ನೋಡ್ತಿರೋದು ಹಲವು ಸೆಂಟಿಮೀಟರ್ ದಪ್ಪದ ಇಂಕು, ಹಾಳೆ ಮೇಲೆ ನೀರೆಲ್ಲ ಆರಿದ ಮೇಲೆ ಉಳಿಯೋದು ಬಣ್ಣದ ಒಂದು ತೆಳು ಪದರ ಅಷ್ಟೇ. ನೀಲಿ ಕಪ್ಪು ಇಂಕು ಅಷ್ಟು ತೆಳುವಿದ್ರೂ ಸಾಕಷ್ಟು ಬೆಳಕನ್ನ ನುಂಗತ್ತೆ, ಆದ್ರೆ ಕಿತ್ತಳೆ ಇಂಕು ನುಂಗೋದು ಹೆಚ್ಚಾಗಿ ನೀಲಿ ಭಾಗವನ್ನ ಮಾತ್ರ, ಕೆಂಪು ಹಳದಿ ಎಲ್ಲ ವಾಪಸ್ ಕಣ್ಣಿಗೇ ಬರತ್ತೆ, ಹಾಗಾಗಿ ಅಕ್ಷರಕ್ಕೂ ಬಿಳಿ ಹಾಳೆಗೂ ವ್ಯತ್ಯಾಸ ಕಮ್ಮಿ. ಎಷ್ಟು ಕಮ್ಮಿ ಅಂದ್ರೆ, ಕಂಪ್ಯೂಟರ್ ಸ್ಕ್ರೀನಿನ ಸಾಮಾನ್ಯ ಕಿತ್ತಳೆ ಬಣ್ಣವನ್ನ ಬಿಳಿ ಮೇಲೆ ಇಟ್ಟು ಲೆಕ್ಕ ಹಾಕಿದ್ರೆ ಕಾಂಟ್ರಾಸ್ಟು ಸುಮಾರು 2ಕ್ಕೆ 1 ಬರತ್ತೆ, ಓದೋಕೆ ಸಣ್ಣ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1 ಇರ್ಲಿ ಅಂತ ವೆಬ್‌ಸೈಟ್ ಮಾಡೋರು ಇಟ್ಕೊಂಡಿರೋ ಅಳತೆ. ಹಾಳೆ ಸ್ಕ್ರೀನ್ ಅಲ್ಲ, ಇಂಕುಗಳೂ ಒಂದೇ ಥರ ಇರಲ್ಲ, ಆದ್ರೂ ನಿಮ್ಮ ಕಣ್ಣು ಯಾಕೆ ದಣೀತಿದೆ ಅಂತ ಗೊತ್ತಾಗತ್ತಲ್ಲ. ರಾತ್ರಿ ಹಳದಿ ಬಲ್ಬಿನ ಕೆಳಗಂತೂ ಬಿಳಿ ಹಾಳೆಯೇ ಹಳದಿಗೆ ತಿರುಗತ್ತೆ, ಆಮೇಲೆ ಅಕ್ಷರ ಎಲ್ಲಿ ಹುಡುಕ್ತೀರಿ!

ಮೊದಲು ನಿಬ್ ಬದಲಾಯಿಸಿ. ಫೈನಿಗಿಂತ ದಪ್ಪ ಗೆರೆ ಬರೋ ಮೀಡಿಯಂ ಅಥವಾ ಬ್ರಾಡ್ ತಗೊಳ್ಳಿ, ಇಂಕು ಧಾರಾಳವಾಗಿ ಬಿಡೋ ಪೆನ್ನಾದ್ರೆ ಇನ್ನೂ ಒಳ್ಳೇದು. ಜಪಾನಿನ ಪೆನ್ನುಗಳ ಫೈನು ಸಾಮಾನ್ಯವಾಗಿ ಯುರೋಪಿನ ಫೈನಿಗಿಂತ ಸಣ್ಣ, ನಿಮ್ಮದು ಅಂಥದ್ದಾದ್ರೆ ಅದಕ್ಕೆ ತಿಳಿ ಕಿತ್ತಳೆ ಹಾಕೋದೇ ಬೇಡ. ನಿಬ್ ಬದಲಾಯಿಸೋಕೆ ಆಗಲ್ಲ ಅಂದ್ರೆ ಇಂಕನ್ನೇ ಕೆಂಪು ಅಥವಾ ಕಂದು ಕಡೆಗೆ ವಾಲಿರೋದು ತಗೊಳ್ಳಿ.

ಪ್ರಶ್ನೆ: ಅದೇ ಅಕ್ಷರದಲ್ಲಿ ಒಂದು ಕಡೆ ಹಳದಿ, ಇನ್ನೊಂದು ಕಡೆ ಕಡು ಕಿತ್ತಳೆ ಬರತ್ತಲ್ಲ, ಅಂಥದ್ದು ಯಾವ ಇಂಕಲ್ಲಿ ಸಿಗತ್ತೆ? ನಾನು ಸ್ಕೂಲ್ ನೋಟ್‌ಬುಕ್ಕಲ್ಲಿ ಟ್ರೈ ಮಾಡಿದೆ, ಎಲ್ಲ ಒಂದೇ ಥರ ಬಂತು.

ಉತ್ತರ: ಅದಕ್ಕೆ ಶೇಡಿಂಗ್ ಅಂತಾರೆ. ಈ ವಿಷಯದಲ್ಲಿ ಕಿತ್ತಳೆಯನ್ನ ಮೀರಿಸೋ ಬಣ್ಣ ಕಮ್ಮಿ, ನಾನು ಈ ಬಣ್ಣ ಇಟ್ಕೊಂಡಿರೋದೇ ಇದಕ್ಕೋಸ್ಕರ. ನೂಡ್ಲರ್ಸ್ ಕಂಪನಿಯ ಅಪಾಚೆ ಸನ್‌ಸೆಟ್ ಈ ಗುಣಕ್ಕೇ ಹೆಸರುವಾಸಿ, ಗೆರೆ ಹಳದಿಯಲ್ಲಿ ಶುರುವಾಗಿ ಇಂಕು ನಿಂತ ಕಡೆ ಕೆಂಪು ಮಿಶ್ರಿತ ಕಿತ್ತಳೆ ಆಗತ್ತೆ, ಆದ್ರೆ ಒಣಗೋಕೆ ಸಿಕ್ಕಾಪಟ್ಟೆ ಟೈಮ್ ತಗೊಳತ್ತೆ, ಅವಸರದಲ್ಲಿ ಪುಟ ತಿರುಗಿಸಿದ್ರೆ ಎದುರಿನ ಪುಟಕ್ಕೂ ಅಂಟಿರತ್ತೆ. ಪೈಲಟ್ ಕಂಪನಿಯ ಇರೋಶಿಜುಕು ಸಾಲಿನ ಯು-ಯಾಕೆ, ಅಂದ್ರೆ ಸಂಜೆಯ ಆಕಾಶದ ಕೆಂಪು, ಅದು ಸೌಮ್ಯ, ಸಲೀಸಾಗಿ ಹರಿಯತ್ತೆ. ಅದೇ ಸಾಲಿನ ಫುಯು-ಗಾಕಿ ಇನ್ನೂ ಕೆಂಪು, ಓದೋಕೆ ಯು-ಯಾಕೆಗಿಂತ ಸುಲಭ. ಡಯಮೈನ್ ಕಂಪನಿಯ ಏನ್ಷೆಂಟ್ ಕಾಪರ್ ತಾಮ್ರದ ಕಡೆ ಹೋಗತ್ತೆ, ಅದನ್ನ ಕಿತ್ತಳೆ ಅನ್ನೋದಾ ಕಂದು ಅನ್ನೋದಾ ನಂಗೇ ಡೌಟು, ಆದ್ರೆ ಇಡೀ ಪುಟ ಬರೀಬೇಕು ಅಂದ್ರೆ ನಾನು ಕೈ ಹಾಕೋದು ಅಂಥ ಬಣ್ಣಕ್ಕೇ.

ನಿಮಗೆ ಶೇಡಿಂಗ್ ಬರದೆ ಇರೋದು ಹಾಳೆಯಿಂದ. ಒರಟು ಹಾಳೆ ಇಂಕನ್ನ ತಕ್ಷಣ ಹೀರ್ಕೊಂಡು ಬಿಡತ್ತೆ, ಹರಿದು ಒಂದು ಕಡೆ ಸೇರೋಕೆ ಪುರುಸೊತ್ತೇ ಕೊಡಲ್ಲ. ನುಣುಪಾದ, ಇಂಕು ಹೀರದ ಹಾಳೆ ಬೇಕು, ತೊಮೊಯೆ ರಿವರ್ ಥರದ್ದು, ಅದು ಬರೀ 52 ಜಿಎಸ್ಎಂ, ಅಂದ್ರೆ ಚದರ ಮೀಟರಿಗೆ 52 ಗ್ರಾಂ ತೂಕದ ತೆಳು ಹಾಳೆ ಆದ್ರೂ ಇಂಕು ಹಿಂದಕ್ಕೆ ಇಳಿಯಲ್ಲ, ಅಂದ್ರೆ ಹಾಳೆ ದಪ್ಪ ಇದ್ರೆ ಸಾಕು ಅನ್ನೋದು ತಪ್ಪು. ಮತ್ತೆ ಕನ್ನಡದ ಗುಂಡು ಅಕ್ಷರಕ್ಕೆ ಇದು ಹೇಳಿ ಮಾಡಿಸಿದ ಹಾಗಿರತ್ತೆ, ಳ ಬರೆದು ನೋಡಿ, ತಿರುವು ಮುಗಿದು ಪೆನ್ ಎತ್ತೋ ಕಡೆ ಕಡು ಬಣ್ಣ ಬಂದು ಕೂತಿರತ್ತೆ.

ಪ್ರಶ್ನೆ: ಒಂದು ವಾರ ಪೆನ್ ಮುಟ್ಟಿರ್ಲಿಲ್ಲ. ತೆಗೆದು ನೋಡಿದ್ರೆ ನಿಬ್ಬಿನ ಸೀಳಿನ ಸುತ್ತ ಕಿತ್ತಳೆ ಬಣ್ಣದ ಹರಳು ಥರ ಕಟ್ಕೊಂಡಿದೆ, ಉಗುರಲ್ಲಿ ಕೆರೆದ್ರೆ ಪುಡಿ ಬೀಳತ್ತೆ. ಫಂಗಸ್ಸಾ? ಇಂಕು ಚೆಲ್ಲಿಬಿಡ್ಲಾ?

ಉತ್ತರ: ಚೆಲ್ಲಬೇಡಿ! ಅದು ಬಣ್ಣವೇ. ಗಾಢವಾದ ಕೆಂಪು ಕಿತ್ತಳೆ ಇಂಕುಗಳಲ್ಲಿ ಕೆಲವಕ್ಕೆ ಈ ಚಾಳಿ ಇದೆ, ನೀರಲ್ಲಿ ತುಂಬಾ ಬಣ್ಣ ಕರಗಿಸಿರ್ತಾರೆ, ನಿಬ್ಬಿನ ಹತ್ರ ನೀರು ಆರಿದಾಗ ಬಣ್ಣ ಹರಳಾಗಿ ನಿಲ್ಲತ್ತೆ, ಉಪ್ಪು ನೀರು ಒಣಗಿದ ಪಾತ್ರೆ ಅಂಚಲ್ಲಿ ಆಗೋ ಹಾಗೇ. ಒದ್ದೆ ಬಟ್ಟೆಯಲ್ಲಿ ಒರೆಸಿದ್ರೆ ಹೋಗತ್ತೆ, ಉಗುರು ಹಾಕ್ಬೇಡಿ. ಮತ್ತೆ ಮತ್ತೆ ಬಂದ್ರೆ ಕ್ಯಾಪ್ ಸರಿಯಾಗಿ ಕೂರ್ತಾ ಇಲ್ಲ ಅಂತ ಅನುಮಾನ ಪಡಿ, ಇಲ್ಲಾಂದ್ರೆ ಕನ್ವರ್ಟರ್‌ಗೆ, ಅಂದ್ರೆ ಪೆನ್ನೊಳಗೆ ಇಂಕು ತುಂಬಿಸೋ ಕೊಳವೆಗೆ, ಒಂದೆರಡು ಹನಿ ಡಿಸ್ಟಿಲ್ಡ್ ವಾಟರ್ ಸೇರಿಸಿ, ಬಣ್ಣ ಸ್ವಲ್ಪ ತಿಳಿಯಾಗತ್ತೆ ಅಷ್ಟೇ.

ಫಂಗಸ್ ಬೇರೆ ಥರ ಇರತ್ತೆ: ಬಾಟ್ಲಿಯೊಳಗೆ ಲೋಳೆ ಅಥವಾ ದಾರ ತೇಲ್ತಿದ್ರೆ, ವಾಸನೆ ಬಂದ್ರೆ, ಆಗ ಮಾತ್ರ ಬಾಟ್ಲಿ ಎಸೀರಿ, ಪೆನ್ನನ್ನೂ ಪೂರ್ತಿ ತೊಳೀರಿ. ತೊಳೆಯೋದು ತಣ್ಣೀರಲ್ಲಿ. ಬಿಸಿನೀರು, ಸ್ಪಿರಿಟ್ ಎರಡೂ ಬೇಡ, ಪ್ಲಾಸ್ಟಿಕ್ ಭಾಗ ಹಾಳಾಗಬಹುದು. ನನ್ನ ಒಂದು ಪಾರದರ್ಶಕ ಪೆನ್ನಲ್ಲಿ ಎರಡು ತಿಂಗಳು ಕಿತ್ತಳೆ ಇಂಕು ಹಾಗೇ ಬಿಟ್ಟಿದ್ದೆ, ಅದರ ಹೊಟ್ಟೆ ಇವತ್ತಿಗೂ ನಸು ಹಳದಿ, ಎಷ್ಟು ತೊಳೆದ್ರೂ ಹೋಗಿಲ್ಲ.

ಪ್ರಶ್ನೆ: ಕೆಂಪು, ಹಳದಿ ಇಂಕು ಮಿಕ್ಸ್ ಮಾಡಿ ಮನೇಲೇ ಮಾಡ್ಕೋಬಹುದಾ?

ಉತ್ತರ: ಮಾಡ್ಕೋಬಹುದು. ಒಂದೇ ಕಂಪನಿಯ ಎರಡು ಇಂಕು ತಗೊಳ್ಳಿ, ಯಾಕಂದ್ರೆ ಒಂದು ಆಮ್ಲ ಇನ್ನೊಂದು ಕ್ಷಾರ ಇದ್ರೆ ಗಷ್ಟು ಕಟ್ಟಬಹುದು, ಅದು ಪೆನ್ನೊಳಗೆ ಹೋದ್ರೆ ನಿಬ್ಬಿಗೆ ಇಂಕು ತಲುಪಿಸೋ ನಾಲಿಗೆ ಬ್ಲಾಕ್. ಹಳದಿ ಹತ್ತು ಹನಿಗೆ ಕೆಂಪು ಒಂದು ಹನಿಯಿಂದ ಶುರು ಮಾಡಿ, ಕೆಂಪು ಬೇಗ ಮೇಲುಗೈ ಮಾಡತ್ತೆ. ಸಣ್ಣ ಸೀಸೆಯಲ್ಲಿ ಒಂದು ದಿನ ಇಟ್ಟು ತಳದಲ್ಲಿ ಏನೂ ಕೂತಿಲ್ಲ ಅಂತ ನೋಡಿ ಆಮೇಲೆ ಪೆನ್ನಿಗೆ ಹಾಕಿ.

ಪ್ರಶ್ನೆ: ಡೈರಿ ಬರೆಯೋಕೆ ಆಗತ್ತಾ ಮೇಷ್ಟ್ರೇ? ಹತ್ತು ವರ್ಷ ಆದ್ಮೇಲೂ ಓದ್ಬೇಕು.

ಉತ್ತರ: ಮಾಮೂಲಿ ಕಿತ್ತಳೆ ಇಂಕು ನೀರಲ್ಲಿ ಕರಗೋ ಬಣ್ಣ, ಒಂದು ಲೋಟ ನೀರು ಚೆಲ್ಲಿದ್ರೆ ಪುಟ ಹೋಯ್ತು ಅಂತಲೇ ಲೆಕ್ಕ. ಬಿಸಿಲಿಗೂ ತಿಳಿಯಾಗಬಹುದು. ಡೈರಿ ಮುಚ್ಚಿಟ್ಟಿರತ್ತೆ, ಬೆಳಕಿನ ಭಯ ಅಷ್ಟಿಲ್ಲ, ನೀರಿನದ್ದು ಇದ್ದೇ ಇದೆ. ಒಂದು ಸಾಲು ಬರೆದು ಒಣಗಿದ ಮೇಲೆ ಅರ್ಧಕ್ಕೆ ಹನಿ ನೀರು ಬಿಡಿ, ಇನ್ನೊಂದು ಸಾಲಿನ ಅರ್ಧ ಮುಚ್ಚಿ ಕಿಟಕಿಗೆ ಒಂದು ತಿಂಗಳು ಅಂಟಿಸಿ, ಯಾರನ್ನೂ ಕೇಳೋದೇ ಬೇಕಾಗಲ್ಲ. ನಾನಾದ್ರೆ ದಿನದ ವಿಷಯ ನೀಲಿ-ಕಪ್ಪಲ್ಲಿ ಬರೆದು ತಾರೀಖು ಮಾತ್ರ ಕಿತ್ತಳೆಯಲ್ಲಿ ಹಾಕ್ತೀನಿ.