ಸ್ಲೋ ಆದ್ರ ಮೆಟಲ್ ಮೆತ್ತಗ ಆಗ್ತೈತೇನು?

ಪ್ರಶ್ನೆ: ಅಣ್ಣಾರ, ಕಾಲೇಜಿನಾಗಿಂದ ಮಾರ್ಬಿಡ್ ಏಂಜೆಲ್ ಅನ್ನೋ ಡೆತ್ ಮೆಟಲ್ (ಗೊಗ್ಗರ ದನಿ, ಭಾರೀ ಗಿಟಾರಿನ ರಾಕ್) ಬ್ಯಾಂಡ್ ಕೇಳ್ಕೋತ ಬಂದೀನ್ರಿ, ಅವರ 1989ರ ಆಲ್ಬಮ್ ಆಲ್ಟರ್ಸ್ ಆಫ್ ಮ್ಯಾಡ್ನೆಸ್ ಅಂದ್ರ ನನಗ ಜೀವ. ಆದ್ರ 2000ದಾಗ ಬಂದ ಗೇಟ್‌ವೇಸ್ ಟು ಅನೈಲೇಷನ್ ಹಚ್ಚಿದ್ರ ಹಾಡು ಮುಂದಕ್ಕ ಹೋಗವಲ್ದು. ಗೆಳ್ಯಾರು ಹೆವಿ ಆಗ್ಯಾರ ಅಂತಾರ, ನನ್ನ ಮೊಬೈಲಿನಾಗ ಕೇಳಿದ್ರ ಸುಸ್ತಾದಂಗ ಅನಸ್ತೈತಿ. ಇದೆಂಥಾ ಡೆತ್ ಮೆಟಲ್ ರೀ?
— ಓದುಗ, ಸಿಂಧನೂರು

ಉತ್ತರ: ತಮ್ಮಾ, ಸುಸ್ತು ಅನ್ನೋದನ್ನ ಮಾತ್ರ ನಾ ಒಪ್ಪಂಗಿಲ್ಲ. ಅದಕ್ಕ ಎರಡೇ ವರ್ಷ ಮೊದಲ, 1998ರಾಗ, ಇದೇ ಬ್ಯಾಂಡು ಫಾರ್ಮುಲಾಸ್ ಫೇಟಲ್ ಟು ದ ಫ್ಲೆಶ್ ತಂದಿತ್ತು, ಆ ಸ್ಪೀಡಿನ ಮುಂದ ನಿಂದ್ರೋ ಆಲ್ಬಮ್ ಭಾಳ ಇಲ್ಲ. ಡ್ರಮ್ಸ್ ಮ್ಯಾಲ ಆವಾಗೂ ಪೀಟ್ ಸ್ಯಾಂಡೊವಲ್, 2000ದಾಗೂ ಅವನ, ಅಂದ್ರ ಕೈಕಾಲು ಸೋತು ನಿಧಾನ ಆಗಿಲ್ಲ, ಬೇಕಂತನ ಮಾಡ್ಯಾರ. ಇನ್ನೊಂದ್ಸಲ ಹಚ್ಚಿ ಅವನ ಕಾಲಿನ ಕೆಲಸ ಅಷ್ಟ ಕೇಳು. ಮ್ಯಾಲ ರಿಫ್, ಅಂದ್ರ ತಿರುಗಿ ತಿರುಗಿ ಬರೋ ಗಿಟಾರಿನ ತುಣುಕು, ನಿಧಾನಕ್ಕ ಹೊರಳ್ತಿರ್ತೈತಿ, ಕೆಳಗ ಡಬಲ್ ಬಾಸ್, ಅಂದ್ರ ಎರಡೂ ಕಾಲಿಲೆ ಬಾರಿಸೋ ದೊಡ್ಡ ಡ್ರಮ್, ಓಡಕೋತನ ಇರ್ತೈತಿ, ಆ ಎರಡರ ಎಳದಾಟದಾಗ ಐತಿ ಆ ಆಲ್ಬಮ್ಮಿನ ತಾಕತ್ತು.

ಈ ನಿಧಾನ ಅವರಿಗೆ ಹೊಸದೂ ಅಲ್ಲ. 1993ರ ಕವನೆಂಟ್ ಆಲ್ಬಮ್ಮಿನಾಗ ಬ್ಯಾಂಡಿನ ಗಿಟಾರಿಸ್ಟ್ ಟ್ರೇ ಅಜಗ್ಥೋತ್ ಏಳು ತಂತಿ ಗಿಟಾರ್ (ಸಾದಾ ಗಿಟಾರಿಗೆ ಆರು) ಹಿಡದಿದ್ದ, ಕಡೀ ಹಾಡಂತೂ ಪೂರಾ ತೆವಳಿಕೋತ ಹೋಗ್ತೈತಿ. 1995ರ ಡಾಮಿನೇಷನ್‌ನಾಗ ಅದು ಇನ್ನೂ ಹೆಚ್ಚಾತು.

ಇನ್ನ ಹೆವಿ ಯಾಕ ಅನಸ್ತೈತಿ ಅಂದ್ರ ಲೆಕ್ಕ ಹಾಕಿ ನೋಡು. 200 ಬಿಪಿಎಂನಾಗ (ನಿಮಿಷಕ್ಕ 200 ಬೀಟು) ಬೀಟಿಗೆ ನಾಕರಂಗ ಪಿಕ್ ಹೊಡದ್ರ ಒಂದೊಂದು ಸ್ವರಕ್ಕ ಸಿಗೋದು 0.075 ಸೆಕೆಂಡು, ಏಳು ತಂತಿ ಗಿಟಾರಿನ ದಪ್ಪ ಬಿ ತಂತಿ ಸೆಕೆಂಡಿಗೆ ಸುಮಾರು 62 ಸಲ ಅಲುಗತೈತಿ, ಅಂದ್ರ ಅದು ಐದು ಸಲ ಅಲುಗೋದ್ರೊಳಗ ಮುಂದಿನ ಏಟು ಬಿದ್ದಿರ್ತೈತಿ. ಅದನ್ನ 80 ಬಿಪಿಎಂಗೆ ಇಳಿಸಿ ಒಂದು ಸ್ವರಕ್ಕ ಒಂದು ಬೀಟ್ ಪೂರಾ ಬಿಟ್ರ 0.75 ಸೆಕೆಂಡು, 46 ಸಲ. ಆವಾಗ ತಂತಿ ದನಿ ಬಿಚ್ಚತೈತಿ, ಎದಿಗೆ ಬಂದು ಬಡಿಯೋದು ಅದ. ಮೊಬೈಲಿನ ಸಣ್ಣ ಸ್ಪೀಕರಿಗೆ ಇಷ್ಟು ಕೆಳಗಿನ ದನಿ ಸರಿಯಾಗಿ ಹೊಂಡಂಗೇ ಇಲ್ಲ. ಫಾಸ್ಟ್ ಹಾಡಿನಾಗ ಸ್ನೇರ್ ಡ್ರಮ್ಮು, ಸಿಂಬಲ್ಲು, ಪಿಕ್ಕಿನ ಸದ್ದು ಇದ್ರ ನಡೀತೈತಿ, ಸ್ಲೋ ಹಾಡಿನಾಗ ಕೆಳಗಿನ ದನಿ ಹೋತಂದ್ರ ಹಾಡೇ ಹೋತು. ನಿನಗ ಸುಸ್ತು ಅನಿಸಿದ್ದು ಇದಕ್ಕ ಅಂತ ನನಗ ಗಟ್ಟಿ ಅನಸ್ತೈತಿ, ಯಾರ ಹತ್ರಾದ್ರೂ ಚಲೋ ಹೆಡ್‌ಫೋನ್ ಇಸ್ಕೊಂಡು ಕೇಳು.

ರಾಯಚೂರಿನಾಗ ಪಂಡಿತ ಸಿದ್ದರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರ ಐತಲ್ಲ, ಅಲ್ಲಿ ಹಿಂದೂಸ್ತಾನಿ ಖ್ಯಾಲ್ ಕಛೇರಿಗೆ ಕುಂತಾವ್ರಿಗೆ ಗೊತ್ತು, ವಿಲಂಬಿತದಾಗ, ಅಂದ್ರ ನಿಧಾನ ಲಯದಾಗ, ಹಾಡೋರಿಗೆ ಅಡಗಾಕ ಜಾಗ ಇರಂಗಿಲ್ಲ, ಮಾತ್ರೆ ಮಾತ್ರೆ ನಡುವಿನ ಜಾಗಾ ಉಸಿರಿಲೇ ತುಂಬಬೇಕು. ಸ್ಲೋ ಮೆಟಲ್ಲಿನಾಗೂ ಹಂಗ. ಹಂಗಂತ ನಿಧಾನ ಆಗಿದ್ದೆಲ್ಲಾ ಚಲೋ ಅಲ್ಲ ಮತ್ತ, ಎರಡು ಸ್ವರದ ರಿಫ್ ಹಿಡಕೊಂಡು ಎಂಟು ನಿಮಿಷ ಎಳಿಯೋ ಬ್ಯಾಂಡುಗಳು ಬೇಕಾದಷ್ಟು ಅದಾವು, ಅವನ್ನ ನಾ ಪೂರಾ ಕೇಳಂಗಿಲ್ಲ.

ಪ್ರಶ್ನೆ: ಈ ತರದ್ದು ಇನ್ನ ಯಾವುದು ಕೇಳಬೇಕ್ರಿ?
— ಓದುಗಿ, ಗಂಗಾವತಿ

ಉತ್ತರ: ಮೊದಲು ಕ್ಯಾಲಿಫೋರ್ನಿಯಾದ ಆಟಾಪ್ಸಿ ಕೇಳ್ರಿ ಅಕ್ಕಾರ, 1991ರ ಮೆಂಟಲ್ ಫ್ಯೂನರಲ್. ಕ್ರಿಸ್ ರೈಫರ್ಟ್ ಡ್ರಮ್ಸೂ ಬಾರಿಸ್ತಾನ, ಹಾಡೂ ಅವನ ಹಾಡ್ತಾನ, ಓಡಕೋತ ಇರೋ ಹಾಡು ಒಮ್ಮೆಗೇ ಕೆಸರಿಗೆ ಇಳಿತೈತಿ. ಆಮ್ಯಾಲ ಇಂಗ್ಲೆಂಡಿನ ಕೊವೆಂಟ್ರಿಯ ಬೋಲ್ಟ್ ಥ್ರೋವರ್, 1992ರ ಆಲ್ಬಮ್ಮಿನಿಂದ ಶುರು ಮಾಡ್ರಿ. ನೇಪಾಮ್ ಡೆತ್‌ನಂಥಾ ಫಾಸ್ಟ್ ಬ್ಯಾಂಡ್ ಬಿಟ್ಟು ಬಂದ ಲೀ ಡೋರಿಯನ್ ಕಟ್ಟಿದ ಕ್ಯಾಥೆಡ್ರಲ್ ಅಂತೂ 1991ರ ಮೊದಲ ಆಲ್ಬಮ್ಮಿನಾಗ ಹೆಚ್ಚುಕಮ್ಮಿ ನಿಂತೇ ಬಿಟ್ಟಿತ್ತು, ನನಗ ಭಾಳ ಇಷ್ಟ.

ಪ್ರಶ್ನೆ: ನಾವು ಬಳ್ಳಾರಿಯಾಗ ನಾಕು ಮಂದಿ ಬ್ಯಾಂಡ್ ಕಟ್ಟೀವಿ. ಗಿಟಾರ್ ಕೆಳಗ ಟ್ಯೂನ್ ಮಾಡಿದ್ರ ಗೊಜ್ಜು ಆಗ್ತೈತಿ, ಸ್ಲೋ ಬಾರಿಸಿದ್ರ ತಾಳ ಓಡ್ತೈತಿ. ಏನ್ ಮಾಡೋಣ?
— ಓದುಗ, ಕೌಲ್ ಬಜಾರ್

ಉತ್ತರ: ಬರ್ಮಿಂಗ್‌ಹ್ಯಾಮಿನ ಫ್ಯಾಕ್ಟರಿಯಾಗ ಎರಡು ಬೆರಳಿನ ತುದಿ ಕಳಕೊಂಡ ಬ್ಲ್ಯಾಕ್ ಸಬ್ಬತ್‌ನ ಟೋನಿ ಅಯೋಮಿ, ಬೆರಳಿಗೆ ಹಗುರಾಗಲಿ ಅಂತ ತೆಳ್ಳನ ತಂತಿ ಹಾಕಿ, 1971ರ ಆಲ್ಬಮ್ಮಿಗೆ ಅದನ್ನ ಇನ್ನೂ ಸಡಿಲ ಮಾಡಿ ಕೆಳಗ ಟ್ಯೂನ್ ಮಾಡಿದ್ದ. ಅವನ ಕೈಗೆ ಅದು ನಡೀತು, ನೀವು ದಪ್ಪ ತಂತಿ ಹಾಕ್ರಿ, ಆಂಪ್ಲಿಫೈಯರಿನ ಗೇನ್ (ದನಿ ಒಡೆಸೋ ಗುಂಡಿ) ಅರ್ಧಕ್ಕ ಇಳಸ್ರಿ, ಗೊಜ್ಜಿಗೆ ಮುಕ್ಕಾಲು ಕಾರಣ ಗೇನೇ. ಬಾಸ್ ಗಿಟಾರಿನಾವ ಕಾಲಿಲೆ ಬಾರಿಸೋ ಕಿಕ್ ಡ್ರಮ್ಮಿಗೆ ಅಂಟಿಕೊಂಡೇ ಬಾರಿಸಬೇಕು. ತಾಳಕ್ಕ ಮೊಬೈಲಿನಾಗ ಮೆಟ್ರೊನೋಮ್ 60ಕ್ಕ ಇಟ್ಟು, ಪ್ರತಿ ಬೀಟಿನ ನಡುವ ಎಲ್ಲಾರೂ ಬಾಯಿಲೆ ನಾಕು ಎಣಿಸ್ಕೋತ ಬಾರಿಸ್ರಿ, ಡ್ರಮ್ಮರ್ ಒಬ್ಬನ ಮ್ಯಾಲ ಬಿಟ್ರ ಓಡೇ ಓಡ್ತೈತಿ.