ಧಾರೆ ಸೀರೆಯ ಬಣ್ಣ: ಮಲ್ಲೇಶ್ವರದ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ತಾವು ಬರೆದ ಪತ್ರವೂ ಅದರೊಡನೆ ಕಳುಹಿಸಿದ ಭಾವಚಿತ್ರದ ಪ್ರತಿಯೂ ತಲುಪಿವೆ. ತಮ್ಮ ಅಜ್ಜಿಯವರ ಮದುವೆಯ ದಿನ, 1936ರಲ್ಲಿ, ಚಿಕ್ಕಪೇಟೆಯ ಹತ್ತಿರದ ಮನೆಯ ಚಪ್ಪರದಡಿ ತೆಗೆಸಿದ ಆ ಚಿತ್ರದಲ್ಲಿ ಅವರು ತೀರ ತಿಳಿಬಣ್ಣದ, ಕಪ್ಪಗೆ ಕಾಣುವ ಅಂಚಿನ ಸೀರೆಯುಟ್ಟು ನಿಂತಿದ್ದಾರೆ. ಬರುವ ವೈಶಾಖದಲ್ಲಿ ತಮ್ಮ ಮಗಳ ಮದುವೆ. ಮುತ್ತಜ್ಜಿಯಂತೆ ತಾನೂ ಬಿಳಿಯ ಸೀರೆಯಲ್ಲೇ ಹಸೆಮಣೆ ಏರುತ್ತೇನೆಂದು ಅವಳ ಹಟ. ಮನೆಯ ಹಿರಿಯರ ವಾದ ಬೇರೆ: ಕೆಂಪು ಕಂಚಿ ಸೀರೆಯೇ ನಮ್ಮ ಸಂಪ್ರದಾಯ, ಬಿಳಿ ಅಮಂಗಳ, ಅದು ದಂಡಿನ (ಕಂಟೋನ್ಮೆಂಟಿನ) ಇಂಗ್ಲಿಷರನ್ನು ನೋಡಿ ಕಲಿತ ಚಾಳಿ, ಚಿತ್ರದಲ್ಲಿರುವುದೂ ನಿಜವಾಗಿ ಕೆಂಪು ಸೀರೆಯೇ ಇರಬೇಕು. ಯಾರ ಮಾತು ಸರಿ ಎಂದು ಕೇಳಿದ್ದೀರಿ. ಮಗಳ ಮಾತು ಸರಿ ಎಂದು ಮೊದಲೇ ಹೇಳಿಬಿಡುತ್ತೇನೆ. ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗಿದೆ.

ಮೊದಲು ಚಿತ್ರದ ಮಾತು. ಆ ಕಾಲದ ಛಾಯಾಗ್ರಾಹಕರ ಕೈಯಲ್ಲಿದ್ದ ಪ್ಲೇಟು, ಫಿಲ್ಮುಗಳಲ್ಲಿ ಹೆಚ್ಚಿನವು ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲ. ಅವನ್ನು ತೊಳೆಯುವ ಕತ್ತಲೆಕೋಣೆಯಲ್ಲಿ ಕೆಂಪು ದೀಪ ಉರಿಸಲು ಸಾಧ್ಯವಾಗುತ್ತಿದ್ದುದೂ ಅದೇ ಕಾರಣದಿಂದ. ಹಾಗಾಗಿ ಅಂಥ ಚಿತ್ರಗಳಲ್ಲಿ ಕೆಂಪು ಬಟ್ಟೆ ಕರಿಯ ಬಟ್ಟೆಯಂತೆಯೂ ನೀಲಿ ಬಟ್ಟೆ ಬೆಳ್ಳಗೂ ಮೂಡುತ್ತಿತ್ತು. ತಮ್ಮ ಅಜ್ಜಿಯವರ ಹಣೆಯ ಕುಂಕುಮವನ್ನೇ ನೋಡಿ, ಶಾಯಿಯ ಬೊಟ್ಟಿನಂತಿದೆ. ಕುಂಕುಮ ಅಷ್ಟು ಕಪ್ಪಾಗಿರುವ ಚಿತ್ರದಲ್ಲಿ ಕೆಂಪು ಸೀರೆ ಮಾತ್ರ ಬೆಳ್ಳಗೆ ಮೂಡುವುದು ಸಾಧ್ಯವಿಲ್ಲ. ಕಪ್ಪಗೆ ಕಂಡ ಅಂಚು ಕೆಂಪಿನದು, ಒಡಲು ಬಿಳಿ. ತಿಳಿ ನೀಲಿಯ ಸೀರೆಯೂ ಹೀಗೆಯೇ ಕಂಡೀತೆಂದು ವಾದಕ್ಕೆ ಹೇಳಬಹುದಾದರೂ, ಧಾರೆಯ ಹೊತ್ತಿಗೆ ಹುಡುಗಿಗೆ ನೀಲಿ ಉಡಿಸಲು ಆ ಕಾಲದ ಹಿರಿಯರು ಒಪ್ಪುತ್ತಿದ್ದರೆಂದು ನನಗನ್ನಿಸುವುದಿಲ್ಲ.

ಬಿಳಿ ಒಡಲು, ಕೆಂಪು ಅಂಚು ಎಂದ ಮೇಲೆ ಅದಕ್ಕೆ ನಮ್ಮಲ್ಲಿ ಹೆಸರೇ ಇದೆ: ಧಾರೆ ಸೀರೆ. ಹಳೆಯ ಮೈಸೂರು ಸೀಮೆಯ ಅನೇಕ ಸಮುದಾಯಗಳಲ್ಲಿ ವಧು ಧಾರೆಗೆ ಕೂರುವುದು ಇದನ್ನುಟ್ಟೇ. ಬಡವರಿಗೆ ಅದು ಹತ್ತಿಯದು, ಉಳ್ಳವರಿಗೆ ರೇಷ್ಮೆಯದು. ಎರಡಕ್ಕೂ ನಾಲ್ಕು ಮೂಲೆಗಳಲ್ಲಿ ಅರಿಶಿನ ಹಚ್ಚದೆ ಮೈಮೇಲೆ ಹಾಕುವಂತಿಲ್ಲ, ಕೆಲವು ಮನೆಗಳಲ್ಲಿ ಇಡೀ ಸೀರೆಯನ್ನೇ ಅರಿಶಿನದ ನೀರಿನಲ್ಲಿ ಅದ್ದಿ ತೆಗೆಯುವುದೂ ಉಂಟು. ಸೋದರಮಾವ ಹುಡುಗಿಯನ್ನು ಮಂಟಪಕ್ಕೆ ಕರೆತಂದು, ಅಂತರಪಟ ಸರಿದು, ಜೀರಿಗೆ ಬೆಲ್ಲ ಬಿದ್ದು, ಹೆತ್ತವರು ಕೈಗೆ ಕೈ ಸೇರಿಸಿ ನೀರೆರೆಯುವ ಆ ಗಳಿಗೆಗೆ ಮಾತ್ರ ಮೀಸಲಾದ ವಸ್ತ್ರ ಅದು. ಊಟದ ಹೊತ್ತಿಗೆ ವಧು ಬೇರೆ ಸೀರೆಗೆ ಬದಲಾಗಿರುತ್ತಾಳೆ. ಹಿರಿಯರು ನೆನಪಿಟ್ಟುಕೊಂಡಿರುವ ಕೆಂಪು ಸೀರೆ ಈ ಎರಡನೆಯದಾಗಿರಬಹುದು. ಬಿಳಿ ಅಮಂಗಳವೆಂಬ ಮಾತನ್ನಂತೂ ನಮ್ಮ ಕಡೆಯ ಬ್ರಾಹ್ಮಣ ಮನೆಗಳ ಹಳೆಯ ರೂಢಿಯೇ ತಲೆಕೆಳಗು ಮಾಡುತ್ತದೆ. ಅಲ್ಲಿ ಗಂಡ ಸತ್ತ ಹೆಣ್ಣಿಗೆ ತಲೆ ಬೋಳಿಸಿ ಉಡಿಸುತ್ತಿದ್ದುದು ಬಿಳಿಯದನ್ನಲ್ಲ, ಕೆಂಪು ಮಡಿ ಸೀರೆಯನ್ನು. ನನ್ನ ಬಾಲ್ಯದಲ್ಲಿ ಬಸವನಗುಡಿಯ ಬೀದಿಗಳಲ್ಲಿ ಅಂಥ ಅಜ್ಜಿಯರನ್ನು ಕಂಡಿದ್ದೇನೆ. ಆ ಕೆಂಪನ್ನು ನೋಡಿದ ಯಾರಿಗೂ ಮದುವೆಯ ನೆನಪು ಬರುತ್ತಿರಲಿಲ್ಲ.

ಇನ್ನು ದಂಡಿನ ಮಾತು. ಬ್ರಿಟಿಷರು ಪೇಟೆಯ ಈಶಾನ್ಯಕ್ಕೆ ದಂಡಿನ ಪ್ರದೇಶವನ್ನು ಕಟ್ಟಿದ್ದು 1809ರಲ್ಲಿ. ಆಗ ಇಂಗ್ಲಿಷ್ ವಧುಗಳೇ ನಿಯಮವಾಗಿ ಬಿಳಿ ತೊಡುತ್ತಿರಲಿಲ್ಲ. ಇದ್ದುದರಲ್ಲಿ ಒಳ್ಳೆಯದಾದ, ಮುಂದೆಯೂ ತೊಡಬಹುದಾದ ಬಣ್ಣದ ಗೌನಿನಲ್ಲೇ ಮದುವೆಯಾಗುತ್ತಿದ್ದವರು ಹೆಚ್ಚು. 1840ರಲ್ಲಿ ವಿಕ್ಟೋರಿಯಾ ರಾಣಿ ಬಿಳಿ ಸ್ಯಾಟಿನ್ ಗೌನು ತೊಟ್ಟು ಮದುವೆಯಾದ ಮೇಲೆ ಉಳ್ಳವರಲ್ಲಿ ಆ ಪದ್ಧತಿ ಮೆಲ್ಲಗೆ ಹರಡಿತು. ಅಂಚು, ಅರಿಶಿನಗಳಿಲ್ಲದ ಆ ಬಿಳಿಗೂ ನಮ್ಮ ಧಾರೆ ಸೀರೆಗೂ ನಂಟು ಕಟ್ಟಲು ಬಣ್ಣವೊಂದನ್ನು ಬಿಟ್ಟರೆ ಬೇರೇನೂ ಇಲ್ಲ. ನಿಜ ಹೇಳುವುದಾದರೆ ಕೊಡುಕೊಳ್ಳುವಿಕೆ ಹೆಚ್ಚಾಗಿ ನಡೆದದ್ದು ಎದುರು ದಿಕ್ಕಿನಲ್ಲಿ: ಶಿವಾಜಿನಗರದ ಸುತ್ತಿನ ಕನ್ನಡ, ತಮಿಳು ಕ್ರೈಸ್ತ ಕುಟುಂಬಗಳಲ್ಲಿ ಎಷ್ಟೋ ವಧುಗಳು ಮುಸುಕಿನ ಕೆಳಗೆ ರೇಷ್ಮೆ ಸೀರೆಯನ್ನೇ ಉಟ್ಟರು, ಪಾದ್ರಿಗಳು ಹರಸಿಕೊಟ್ಟ ತಾಳಿಯನ್ನು ಚರ್ಚಿನೊಳಗೇ ಕಟ್ಟಿಸಿಕೊಂಡರು.

ಹಾಗಾದರೆ ಕಂಚಿ ಸೀರೆ ಬೆಂಗಳೂರಿನ ಸಂಪ್ರದಾಯವಾದದ್ದು ಹೇಗೆ? ಕೆಂಪೇಗೌಡರ ಪೇಟೆ ತಾನೇ ನೇಯುತ್ತಿದ್ದ ಊರು. 1800ರಲ್ಲಿ ಇಲ್ಲಿಗೆ ಬಂದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಪಟ್ಟೆಗಾರರೂ ಖತ್ರಿಗಳೂ ನೇಯುತ್ತಿದ್ದ ಗಟ್ಟಿಯಾದ, ಬೆಲೆಬಾಳುವ ರೇಷ್ಮೆಯನ್ನು ಕುರಿತು ಬರೆದಿದ್ದಾನೆ. ಹತ್ತಿಯ ನೇಯ್ಗೆಯಲ್ಲಿ ದೇವಾಂಗರಿದ್ದರು. ಊರಿನ ಮದುವೆಗೆ ಊರಿನ ಮಗ್ಗವೇ ಸಾಕಾಗಿತ್ತು. 1864ರಲ್ಲಿ ಜೋಲಾರಪೇಟೆಯ ಮೂಲಕ ಮದರಾಸಿನ ಕಡೆಗೆ ರೈಲು ಕೂಡಿದ ಮೇಲೆ ತಮಿಳು ಸೀಮೆಯ ಸರಕು ಚಿಕ್ಕಪೇಟೆಯ ಅಂಗಡಿಗಳಿಗೆ ಸಲೀಸಾಗಿ ಬರತೊಡಗಿತು. ಒಡಲಿಗೂ ಅಂಚಿಗೂ ಬೇರೆ ಬೇರೆ ಲಾಳಿ ಹಾಕಿ ಎರಡನ್ನೂ ಹೆಣೆದು ಕೂಡಿಸುವ ಕಂಚಿಯ ನೇಯ್ಗೆ ಭಾರವಾದ ಜರಿಯನ್ನು ತಡೆಯಬಲ್ಲದಾದ್ದರಿಂದ, ದೊಡ್ಡ ಅಂಚು ಬೇಕೆನ್ನುವವರಿಗೆ ಅದು ಹಿಡಿಸಿತು. ಅತ್ತ ಮೈಸೂರಿನಲ್ಲಿ 1912ರಲ್ಲಿ ಆರಂಭವಾದ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆಯ ನುಣುಪಾದ ಕ್ರೇಪ್ ಸೀರೆಗೂ ಮನೆಮನೆಯಲ್ಲಿ ಗೌರವವಿತ್ತು. ಹಿರಿಯರ ಸಂಪ್ರದಾಯಕ್ಕೆ, ನನ್ನ ಲೆಕ್ಕದಲ್ಲಿ, ಶಾಸ್ತ್ರಕ್ಕಿಂತ ರೈಲಿನ ಆಧಾರವೇ ಹೆಚ್ಚು.

ತಮ್ಮ ಅಜ್ಜಿಯವರ ತಾಯಿಗೆ ಒಂಬತ್ತಕ್ಕೇ ಮದುವೆಯಾಗಿತ್ತೆಂದೂ ಅದು ಕಾನೂನಿಗೆ ವಿರುದ್ಧವಾಗಿತ್ತೇ ಎಂದೂ ಕೇಳಿದ್ದೀರಿ. ವಿರುದ್ಧವಾಗಿರಲಿಲ್ಲ. ಮೈಸೂರು ಸಂಸ್ಥಾನ 1894ರಲ್ಲಿ ತಂದ ಶಿಶುವಿವಾಹ ತಡೆ ಕಾನೂನು ಎಂಟು ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, 14 ತುಂಬದವರನ್ನು 50 ದಾಟಿದ ಗಂಡಸರಿಗೆ ಕೊಡುವುದನ್ನೂ ನಿಷೇಧಿಸಿತ್ತು. ಒಂಬತ್ತರ ಹುಡುಗಿ ಅದರ ಕೈಗೆ ಸಿಗುತ್ತಿರಲಿಲ್ಲ. ಇಂದು ನಮಗೆ ಎದೆ ನಡುಗುತ್ತದೆ, ಆದರೆ ಬ್ರಿಟಿಷ್ ಇಂಡಿಯಾ ಹುಡುಗಿಯರಿಗೆ 14ರ ಮಿತಿ ಹಾಕುವ ಶಾರದಾ ಕಾಯ್ದೆಯನ್ನು ಮಾಡಿದ್ದು 35 ವರ್ಷಗಳ ನಂತರ, 1929ರಲ್ಲಿ. ಬಾಲ್ಯದ ಮದುವೆಗಳಲ್ಲಿ ಧಾರೆ ಒಂದು ಸಂಗತಿ, ಹುಡುಗಿ ಮೈನೆರೆದ ಮೇಲೆ ನಡೆಯುವ ಪ್ರಸ್ತ ಇನ್ನೊಂದು; ನಡುವೆ ಅವಳು ತವರಿನಲ್ಲಿಯೇ ಇರುತ್ತಿದ್ದಳು. 18 ಮೊಳದ ಕಚ್ಚೆ ಸೀರೆಯನ್ನು ಒಂಬತ್ತರ ಮಗುವಿಗೆ ಸುತ್ತುವುದು ಎಂಥ ಪಾಡಾಗಿರಬೇಕೆಂದು ಯೋಚಿಸಿದರೆ, ಎರಡನೆಯ ಶಾಸ್ತ್ರಕ್ಕೆ ಮತ್ತೆ ಹೊಸ ಸೀರೆ ತರುತ್ತಿದ್ದ ರೂಢಿಯ ಅರ್ಥವೂ ಹೊಳೆಯುತ್ತದೆ. ಮದುವೆಯ ವಯಸ್ಸು ಏರಿದಂತೆ ಎರಡೂ ಒಂದಾಗಿ, ಆ ಸೀರೆಗಳೆಲ್ಲ ಒಂದೇ ಮದುವೆಯ ಪಟ್ಟಿಗೆ ಸೇರಿಕೊಂಡವು.

ವರನ ಉಡುಪಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಚಿತ್ರದಲ್ಲಿ ತಮ್ಮ ಅಜ್ಜನವರು ಪಂಚೆ, ಕರಿಯ ಕೋಟು, ಜರಿ ಪೇಟದಲ್ಲಿದ್ದಾರೆ. ಮೇಲ್ಭಾಗ ಕಚೇರಿಯದು, ಕೆಳಭಾಗ ಮನೆಯದು. ಮುಂದೆ ಆರತಕ್ಷತೆ ಬಂದು ಸೂಟು ಬಂತು, ಅದರ ಬೆನ್ನಿಗೇ ‘ಹುಡುಗನ ಸೂಟಿಗೆ’ ಎಂದು ಹೆಣ್ಣಿನವರಿಂದ ಹಣ ವಸೂಲಿಯೂ ಬಂತು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ನಂತರವೂ ಅದು ಉಡುಗೊರೆಯ ಹೆಸರಿನಲ್ಲಿ ಉಳಿಯಿತು. ಮಾಂಗಲ್ಯಧಾರಣೆಯ ಹಿಂದಿನ ಸಂಜೆಯೇ ದಂಪತಿಯನ್ನು ಕುರ್ಚಿಯಲ್ಲಿ ಕೂರಿಸಿ ಆರತಕ್ಷತೆ ಮುಗಿಸುವ ಬೆಂಗಳೂರಿನ ಪದ್ಧತಿಯನ್ನು ಮಾತ್ರ ಯಾವ ಹಿರಿಯರೂ ಸಂಪ್ರದಾಯವಿರುದ್ಧವೆನ್ನದಿರುವುದು ನನಗೆ ಸೋಜಿಗ.

1955ರ ಹಿಂದೂ ವಿವಾಹ ಕಾಯ್ದೆ ಕೇಳುವುದು ವಧೂವರರಲ್ಲಿ ಒಬ್ಬರ ಕಡೆಯ ರೂಢಿಗತ ವಿಧಿಗಳನ್ನು. ಸಪ್ತಪದಿ ಇರುವಲ್ಲಿ ಏಳನೆಯ ಹೆಜ್ಜೆಗೆ ಮದುವೆ ಪೂರ್ಣ. ಸೀರೆಯ ಬಣ್ಣವನ್ನು ಅದು ವಿಚಾರಿಸುವುದಿಲ್ಲ. ಧಾರೆಗೆ ಬಿಳಿಯದನ್ನೂ ಆಮೇಲೆ ಕೆಂಪು ಕಂಚಿಯನ್ನೂ ಉಟ್ಟರೆ ಎರಡು ಪಕ್ಷಕ್ಕೂ ಊಟ ರುಚಿಸೀತು.

ಕೊನೆಯದಾಗಿ, ಅಜ್ಜಿಯವರು ಹೊಲಿದ ಕೌದಿಯೊಂದು ಅಟ್ಟದ ಮೇಲಿನ ಟ್ರಂಕಿನಲ್ಲಿದೆಯೆಂದು ಬರೆದಿದ್ದೀರಿ. ಜರಿಯ ರೇಷ್ಮೆ ಸೀರೆ ಹಳತಾದರೆ ಬೀದಿಯಲ್ಲಿ ಕೂಗಿಕೊಂಡು ಬರುವ ಹಳೇ ಜರಿಯವನ ಪಾಲಾಗುತ್ತಿತ್ತು; ಅವನು ಅದನ್ನು ಸುಟ್ಟು ಬೆಳ್ಳಿ ತೆಗೆಯುತ್ತಿದ್ದ. ಹತ್ತಿ ಸೀರೆಯನ್ನು ಕೇಳುವವರಿಲ್ಲದೆ ಅದು ಮನೆಯಲ್ಲೇ ಉಳಿದು ತೊಟ್ಟಿಲಿಗೂ ಕೌದಿಗೂ ಹೋಗುತ್ತಿತ್ತು. ಆ ಕೌದಿಯನ್ನು ಹಗಲು ಬೆಳಕಿನಲ್ಲಿ ಹರಡಿ, ಬದಿಗಳು ಸವೆದ ಕಡೆ ಒಳಪದರವನ್ನು ನೋಡಿ. ಅರಿಶಿನ ಬಿಸಿಲಿಗೂ ಒಗೆತಕ್ಕೂ ಹೋಗಿಬಿಟ್ಟಿರುತ್ತದೆ. ಕೆಂಪು ಅಂಚಿನ ತುಂಡು ಇದ್ದರೂ ಇದ್ದೀತು. ಸಿಕ್ಕರೆ ಹೊಲಿಗೆ ಬಿಚ್ಚದೆ ಒಂದು ಚಿತ್ರ ತೆಗೆದು ನಮಗೆ ಕಳುಹಿಸಿ. ಈ ಸಲ ಬಣ್ಣದ್ದು.

ತಮ್ಮ ವಿಶ್ವಾಸಿ,
ಸಂಪಾದಕ