‘ಸ್ಯಾಂಡ್ ವಿತ್ ದ ಗ್ರೇನ್’ ಎಂದರೆ ಧಾನ್ಯವೂ ಅಲ್ಲ, ಮರಳೂ ಅಲ್ಲ

ಮಾನ್ಯರೆ, ಪಾಲಿಶ್ ಡಬ್ಬಿಯ ಮೇಲಿದ್ದ ‘ಸ್ಯಾಂಡ್ ವಿತ್ ದ ಗ್ರೇನ್’ ಎಂಬ ಸೂಚನೆಯನ್ನು ಫೋನಿಗೆ ಕೊಟ್ಟಾಗ ‘ಧಾನ್ಯದೊಂದಿಗೆ ಮರಳು’ ಎಂಬ ಅನುವಾದ ಬಂತೆಂದೂ, ನಿಘಂಟಿನಲ್ಲಿ ನೋಡಿದರೆ ಗ್ರೇನ್ ಎಂಬುದಕ್ಕೆ ಧಾನ್ಯ, ಕಾಳು, ಕಣ ಎಂಬ ಅರ್ಥಗಳಷ್ಟೇ ಸಿಕ್ಕವೆಂದೂ, ಹಾಗಾದರೆ ಪಾಲಿಶ್ ಹಚ್ಚುವ ಮೊದಲು ಹಲಗೆಗೆ ಮರಳು ಹಾಕಿ ತಿಕ್ಕಬೇಕೇ ಎಂದೂ ನೀವು ಕೇಳಿದ್ದೀರಿ. ದಯವಿಟ್ಟು ಮರಳು ಹಾಕಬೇಡಿ. ಆ ವಾಕ್ಯದಲ್ಲಿ ‘ಸ್ಯಾಂಡ್’ ನಾಮಪದವಲ್ಲ, ಉಜ್ಜು ಕಾಗದದಿಂದ ತಿಕ್ಕು ಎಂಬ ಅರ್ಥದ ಕ್ರಿಯಾಪದ. ‘ಗ್ರೇನ್’ ಎಂದರೆ ಮರದ ಎಳೆ. ಎಳೆ ಯಾವ ಕಡೆಗೆ ಓಡುತ್ತದೆಯೋ ಅದರ ಗುಂಟವೇ ಉಜ್ಜಿರಿ ಎಂಬುದಷ್ಟೇ ಆ ಸೂಚನೆ.

ಮರದ ಒಡಲಿನಲ್ಲಿರುವ ಕೋಶಗಳಲ್ಲಿ ಬಹುಪಾಲು ಉದ್ದನೆಯ ಸಣ್ಣ ಕೊಳವೆಗಳಂತಿದ್ದು, ಕಾಂಡದ ಉದ್ದಕ್ಕೂ ಒತ್ತೊತ್ತಾಗಿ ಜೋಡಣೆಗೊಂಡಿರುತ್ತವೆ. ಹಲಗೆಯ ಮೇಲೆ ಕಾಣುವ ಗೆರೆಗಳು ಸಾಮಾನ್ಯವಾಗಿ ಈ ಜೋಡಣೆ ಸಾಗಿದ ದಿಕ್ಕನ್ನೇ ತೋರಿಸುತ್ತವೆ, ಮತ್ತು ಮರಗೆಲಸದ ಇಂಗ್ಲಿಷಿನಲ್ಲಿ ಗ್ರೇನ್ ಎನ್ನುವುದು ಮೊದಲಿಗೆ ಈ ದಿಕ್ಕನ್ನೇ. ಆದ್ದರಿಂದ ಈ ಪದವನ್ನು ಒಂಟಿಯಾಗಿ ನಿಘಂಟಿನಲ್ಲಿ ಹುಡುಕುವುದಕ್ಕಿಂತ ಅದರ ಹಿಂದೆ ಯಾವ ಪದ ಬಂದಿದೆ ಎಂದು ನೋಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ‘ವಿತ್ ದ ಗ್ರೇನ್’ ಎಂದರೆ ಎಳೆಗುಂಟ, ‘ಅಕ್ರಾಸ್ ದ ಗ್ರೇನ್’ ಎಂದರೆ ಎಳೆಗೆ ಅಡ್ಡಲಾಗಿ, ‘ಅಗೆನ್ಸ್ಟ್ ದ ಗ್ರೇನ್’ ಎಂದರೆ ಎಳೆಗೆ ಎದುರಾಗಿ. ಕೊನೆಯ ಎರಡನ್ನು ಒಂದೇ ಎಂದು ಭಾವಿಸುವವರು ಬಹಳ ಜನ. ನಾನೂ ಕೆಲವು ಕಾಲ ಹಾಗೆಯೇ ಭಾವಿಸಿದ್ದೆ.

ವ್ಯತ್ಯಾಸವನ್ನು ಕಣ್ಣಾರೆ ನೋಡಬೇಕೆಂದರೆ ಒಂದು ಹಲಗೆಯನ್ನು ಮೇಜಿನ ಮೇಲಿಟ್ಟು, ಅದರ ಮೇಲ್ಮೈಯನ್ನಲ್ಲ, ಪಕ್ಕದ ದಪ್ಪವನ್ನು ಗಮನಿಸಿ. ಅಲ್ಲಿನ ಗೆರೆಗಳು ಮೇಲ್ಮೈಗೆ ಸಮಾನಾಂತರವಾಗಿ ಇರುವುದು ಅಪರೂಪ. ಹೆಚ್ಚಾಗಿ ಒಂದು ತುದಿಯ ಕಡೆಗೆ ಓರೆಯಾಗಿ ಏರುತ್ತಿರುತ್ತವೆ. ಅವು ಎಡದಿಂದ ಬಲಕ್ಕೆ ಏರುತ್ತಿದ್ದರೆ ಕೀಸುಳಿಯನ್ನು ಎಡದಿಂದ ಬಲಕ್ಕೇ ತಳ್ಳಬೇಕು. ಆಗ ಅಲಗಿನ ಮುಂದೆ ಸೀಳುವ ಎಳೆ ಮೇಲಕ್ಕೆ ಹೊರಟು ಮುಗಿದುಹೋಗುವುದರಿಂದ ತೆಳುವಾದ ಸುರುಳಿ ಸರಾಗವಾಗಿ ಬರುತ್ತದೆ. ಬಲದಿಂದ ಎಡಕ್ಕೆ ತಳ್ಳಿದರೆ ಸೀಳು ಹಲಗೆಯ ಒಳಕ್ಕೆ ಇಳಿಯುತ್ತದೆ, ಅಲಗು ತಡೆಯುತ್ತದೆ, ಸಿಬಿರೆದ್ದು ಕುಳಿ ಬೀಳುತ್ತದೆ. ಎರಡೂ ಸಲ ಕೀಸುಳಿ ಓಡಿದ್ದು ಹಲಗೆಯ ಉದ್ದಕ್ಕೇ. ಆದರೂ ಮೊದಲನೆಯದು ‘ವಿತ್’, ಎರಡನೆಯದು ‘ಅಗೆನ್ಸ್ಟ್’. ಹಲಗೆಯ ಅಗಲಕ್ಕೆ ತಳ್ಳಿದ್ದರೆ ಮಾತ್ರ ಅದು ‘ಅಕ್ರಾಸ್’ ಆಗುತ್ತಿತ್ತು. ಯಾರದಾದರೂ ಸ್ವಭಾವಕ್ಕೆ ಒಗ್ಗದ ಕೆಲಸವನ್ನು ಕುರಿತು ಇಂಗ್ಲಿಷಿನವರು ‘ಇಟ್ ಗೋಸ್ ಅಗೆನ್ಸ್ಟ್ ದ ಗ್ರೇನ್’ ಎನ್ನುವಾಗ ಅದರಲ್ಲಿರುವುದು ಹೀಗೆ ತಡೆದು ನಿಂತ ಅಲಗಿನ ಅನುಭವವೇ.

ಉಜ್ಜು ಕಾಗದಕ್ಕೆ ಎದುರು ದಿಕ್ಕಿನ ಚಿಂತೆ ಅಷ್ಟಾಗಿ ಇಲ್ಲ, ಅಡ್ಡ ದಿಕ್ಕಿನದೇ ಮುಖ್ಯ. ಎಳೆಗುಂಟ ಬಿದ್ದ ಗೀರು ಮರದ ಗೆರೆಗಳ ನಡುವೆ ಅಡಗಿಹೋಗುತ್ತದೆ. ಅಡ್ಡ ಬಿದ್ದದ್ದು ಎಳೆಗಳನ್ನು ಕತ್ತರಿಸಿರುವುದರಿಂದ ಬಣ್ಣವನ್ನು ಹೆಚ್ಚಾಗಿ ಹೀರಿಕೊಂಡು ಕಪ್ಪು ಗೆರೆಯಾಗಿ ನಿಲ್ಲುತ್ತದೆ. ನನ್ನ ಮೊದಲ ಮೇಜನ್ನು, ಬೇಗ ಮುಗಿಯಲಿ ಎಂಬ ಆತುರಕ್ಕೆ, ಗುಂಡಗೆ ತಿರುಗಿಸಿ ತಿರುಗಿಸಿ ಉಜ್ಜಿದ್ದೆ. ಬರಿಯ ಮರದ ಮೇಲೆ ಏನೂ ಕಾಣಲಿಲ್ಲ. ಬಣ್ಣ ಹಚ್ಚಿದ ಕೂಡಲೇ ಮೇಜಿನ ತುಂಬ ಬಳೆಗಳೆದ್ದವು, ಅದನ್ನೆಲ್ಲ ಕೆರೆದು ಮತ್ತೆ 120ನೆಯ ನಂಬರಿನ ಕಾಗದದಿಂದಲೇ (ನಂಬರು ಹೆಚ್ಚಿದಷ್ಟೂ ಕಾಗದ ನಯ) ಶುರುಮಾಡಬೇಕಾಯಿತು.

‘ಎಂಡ್ ಗ್ರೇನ್’ ಎಂಬ ಮಾತೂ ನಿಮಗೆ ಆಗಾಗ ಎದುರಾಗುತ್ತದೆ. ಅದು ಹಲಗೆಯನ್ನು ಅಡ್ಡ ಕೊಯ್ದಾಗ ಕಾಣುವ, ಕೊಳವೆಗಳ ಬಾಯಿ ತೆರೆದುಕೊಂಡಿರುವ ತುದಿ. ಅಲ್ಲಿ ಪಾಲಿಶ್ ಹೆಚ್ಚು ಇಂಗುತ್ತದೆ, ಗೋಂದು ಮತ್ತು ಸ್ಕ್ರೂಗಳ ಹಿಡಿತ ಕಡಿಮೆ. ಮರ ಒಣಗಿದಾಗ ಎಷ್ಟು ಕುಗ್ಗುತ್ತದೆ ಎಂಬುದನ್ನೂ ಪುಸ್ತಕಗಳು ಇದೇ ಪದದ ಆಧಾರದಲ್ಲಿ ಹೇಳುತ್ತವೆ: ಹಸಿ ಮರ ಪೂರ್ತಿ ಒಣಗುವಷ್ಟರಲ್ಲಿ ‘ಅಲಾಂಗ್ ದ ಗ್ರೇನ್’ ಕುಗ್ಗುವುದು ಸಾಮಾನ್ಯವಾಗಿ ಶೇಕಡಾ 0.1ರಿಂದ 0.2ರಷ್ಟು ಮಾತ್ರ, ‘ಅಕ್ರಾಸ್ ದ ಗ್ರೇನ್’ ಆದರೆ ಹಲವು ಜಾತಿಯ ಮರಗಳಲ್ಲಿ ಶೇಕಡಾ 4ರಿಂದ 8ರವರೆಗೆ. ಅಗಲವಾದ ಮೇಜಿನ ಹಲಗೆಯನ್ನು ಅಡ್ಡಪಟ್ಟಿಗೆ ಬಿಗಿಯಾಗಿ ಅಂಟಿಸಿಬಿಟ್ಟರೆ ಅದು ಬಿರುಕು ಬಿಡುವುದೇಕೆ ಎಂಬುದು ಈ ಎರಡು ಅಂಕಿಗಳಲ್ಲೇ ಇದೆ.

ಮರಗೆಲಸದ ಆಚೆಗಿನ ಗ್ರೇನ್ ಬಗ್ಗೆಯೂ ನೀವು ಕೇಳಿರುವುದರಿಂದ ಒಂದಿಷ್ಟು ಹೇಳುತ್ತೇನೆ. ದಾಸ್ತಾನು, ಬೆಳೆ, ವ್ಯಾಪಾರದ ಮಾತಿನಲ್ಲಿ ಬಹುವಚನವಿಲ್ಲದೆ ಬರಿದೇ ‘ಗ್ರೇನ್’ ಎಂದಿದ್ದರೆ ಅದು ಒಟ್ಟಾರೆ ಧಾನ್ಯ. ‘ಎ ಗ್ರೇನ್ ಆಫ್’ ಎಂದು ಬಂದರೆ ಒಂದು ಕಾಳು ಅಥವಾ ಕಣ. ಮುಂದಿನ ಪದ ಅಕ್ಕಿಯಾಗಬಹುದು, ಮರಳಾಗಬಹುದು, ಸತ್ಯವೂ ಆಗಬಹುದು. ಮುಂದೆ ಉಪ್ಪು ಬಂದಿದ್ದರೆ, ಕೇಳಿದ್ದನ್ನು ಪೂರ್ತಿ ನಂಬದೆ ಕೊಂಚ ಅನುಮಾನದಿಂದಲೇ ನೋಡು ಎಂಬ ನುಡಿಗಟ್ಟು ಅದು. ಅಂಕಿಯ ಮುಂದೆ ಬಂದರೆ ತೂಕ: ನಮ್ಮ ಗುಲಗಂಜಿಯಂತೆ ಅದೂ ಬೀಜದಿಂದ ಹುಟ್ಟಿದ ಅಳತೆಯೇ, ಒಂದು ಪೌಂಡಿಗೆ 7000 ಗ್ರೇನ್, ಒಂದು ಗ್ರೇನ್ ಎಂದರೆ ಸುಮಾರು 64.8 ಮಿಲಿಗ್ರಾಂ, ಬಾಣ ಮತ್ತು ಗುಂಡುಗಳ ತೂಕವನ್ನು ಈಗಲೂ ಇದರಲ್ಲೇ ಹೇಳುವುದುಂಟು. ತೊಗಲಿನಲ್ಲಿ ಗ್ರೇನ್ ಎಂದರೆ ಕೂದಲಿದ್ದ ಹೊರಮೈ, ಹಳೆಯ ಫಿಲ್ಮಿನ ಚಿತ್ರದಲ್ಲಿ ಬೆಳ್ಳಿಯ ಕಣಗಳಿಂದ ಕಾಣುವ ಚುಕ್ಕೆ ಚುಕ್ಕೆಯ ತರಿ, ಬಟ್ಟೆಯಲ್ಲಿ ನೂಲಿನ ದಿಕ್ಕು.

ಇಷ್ಟೊಂದು ಅರ್ಥಗಳ ಮೂಲ ಬೀಜ ಎಂಬ ಅರ್ಥದ ಲ್ಯಾಟಿನ್ ಪದ ‘ಗ್ರಾನುಮ್’. ನಡುವೆ ಒಂದು ಸ್ವಾರಸ್ಯವಿದೆ. ಕಡುಗೆಂಪು ಬಣ್ಣ ಕೊಡುವ ಒಂದು ಜಾತಿಯ ಕೀಟವನ್ನು ಒಣಗಿಸಿದರೆ ಕಾಳಿನಂತೆಯೇ ಕಾಣುತ್ತಿದ್ದುದರಿಂದ ಯುರೋಪಿನವರು ಅದನ್ನೂ ಗ್ರೇನ್ ಎಂದೇ ಕರೆದರು, ಅದರಿಂದ ಅದ್ದಿದ ಬಣ್ಣ ಒಗೆದರೂ ಹೋಗದಿದ್ದುದರಿಂದ ‘ಇನ್‌ಗ್ರೇನ್ಡ್’ ಎಂಬ ಪದ ಬೇರೂರಿದ್ದು ಎಂಬ ಅರ್ಥಕ್ಕೆ ನಿಂತಿತು. ನಾವು ಕಿರಮಂಜಿ ಎನ್ನುವ ಬಣ್ಣದ ಹೆಸರು ಬಂದಿರುವುದೂ ಆ ಬಗೆಯ ಕೀಟದ ಹೆಸರಿನಿಂದಲೇ.

ಇನ್ನು ನಿಮ್ಮ ಡಬ್ಬಿಯ ಮುಂದಿನ ಸಾಲು. ‘ರೇಸ್ ದ ಗ್ರೇನ್’ ಎಂದರೆ ಧಾನ್ಯ ಬೆಳೆಯುವುದಲ್ಲ. 180ನೆಯ ನಂಬರಿನವರೆಗೆ ಉಜ್ಜಿದ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರಸಿ, ಅಡಗಿ ಮಲಗಿರುವ ಎಳೆಯ ತುದಿಗಳು ನಿಮಿರಿ ನಿಲ್ಲುವಂತೆ ಮಾಡುವುದು. ಚೆನ್ನಾಗಿ ಒಣಗಿದ ಮೇಲೆ ಅಂಗೈ ಆಡಿಸಿದರೆ ಸಣ್ಣ ಮುಳ್ಳುಮುಳ್ಳಾಗಿ ತಾಗುತ್ತದೆ. ಆಗ 220ನೆಯ ಕಾಗದದಿಂದ, ಭಾರ ಬಿಡದೆ, ಎಳೆಗುಂಟ ನಾಲ್ಕಾರು ಸಲ ಎಳೆದು, ಪುಡಿ ಒರಸಿ, ಅನಂತರ ಪಾಲಿಶ್ ಹಚ್ಚಿ. ನೀರು ಬೆರೆತ ಪಾಲಿಶ್ ಅಲ್ಲದಿದ್ದರೆ ಈ ಹಂತವನ್ನು ಬಿಟ್ಟರೂ ನಡೆಯುತ್ತದೆ.